ಹಾಂಗ್‌ಕಾಂಗ್‌ನಲ್ಲಿ ನೀರಿನಡಿ ಸುರಂಗ ಬಂದ ಮೇಲೂ ಸ್ಟಾರ್ ಫೆರಿ ಹೇಗೆ ಉಳಿಯಿತು?

ತೀರದಾರಿ:
ಹಾಂಗ್‌ಕಾಂಗ್ ನಗರದ ಒಂದು ಭಾಗ ದ್ವೀಪದ ಮೇಲಿದೆ, ಇನ್ನೊಂದು ಭಾಗ ಕೌಲೂನ್ ಕಡೆ. ಮಧ್ಯದಲ್ಲಿ ವಿಕ್ಟೋರಿಯಾ ಬಂದರು. 1972ರಲ್ಲಿ ಈ ನೀರಿನಡಿ ರಸ್ತೆ ಸುರಂಗ ಬಂತು. 1980ರಲ್ಲಿ ಮೆಟ್ರೋ ಬಂತು. 1989 ಮತ್ತು 1997ರಲ್ಲಿ ಇನ್ನೂ ಎರಡು ರಸ್ತೆ ಸುರಂಗ ಬಂದವು. ಇಷ್ಟೆಲ್ಲ ಆದ ಮೇಲೆ ಜನರನ್ನು ದಾಟಿಸುವ ದೋಣಿಗೆ ಕೆಲಸವೇ ಇರಬಾರದಿತ್ತು, ಅಲ್ವಾ? ಆದರೂ ಸ್ಟಾರ್ ಫೆರಿ ಓಡುತ್ತಲೇ ಇದೆ.

ಬರೀ ಟೂರಿಸ್ಟ್‌ಗಳಿಗೋಸ್ಕರ ಓಡುತ್ತಿದೆ ಅಂತ ಹೇಳುವವರಿದ್ದಾರೆ. ನನಗೆ ಆ ಉತ್ತರ ಸಾಕಾಗುತ್ತಿಲ್ಲ. ಈ ದೋಣಿಯನ್ನು ಯಾರು ಶುರುಮಾಡಿದರು, ಯಾರು ಬಳಸಿದರು, ಯಾವಾಗ ಜನ ಕಡಿಮೆಯಾದರು? ಗೊತ್ತಿದ್ದವರು ವಿವರವಾಗಿ ಬರೆಯಿರಿ. ಅಲ್ಲಿ ಇದ್ದು ಬಂದವರು ಇದ್ದರೆ ಇನ್ನೂ ಒಳ್ಳೆಯದು.

ಹಳೇಬಂದರು:
ಒಳ್ಳೆ ವಿಷಯ ಎತ್ತಿದ್ದೀರಿ. ಶುರುವಿನಿಂದಲೇ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಬ್ರಿಟಿಷರಿಗೆ ಮೊದಲು ಸಿಕ್ಕಿದ್ದು ದ್ವೀಪ ಮಾತ್ರ, 1842ರ ನಾನ್‌ಕಿಂಗ್ ಒಪ್ಪಂದದಲ್ಲಿ. ಎದುರಿನ ಕೌಲೂನ್ ತುದಿ 1860ರಲ್ಲಿ ಸಿಕ್ಕಿತು. ಅಂದರೆ ಮೊದಲ ಸುಮಾರು 20 ವರ್ಷ ಆ ನೀರು ಎರಡು ರಾಜ್ಯಗಳ ಗಡಿ ಆಗಿತ್ತು. ಆಮೇಲೆ ಒಂದೇ ಊರಿನ ಮಧ್ಯದ ದಾರಿ ಆಯಿತು. ದಾಟೋಕೆ ಸಂಪಾನ್ ಅನ್ನೋ ಸಣ್ಣ ದೋಣಿಗಳೇ ಗತಿ. ನೀರಿನ ಮೇಲೆಯೇ ಬದುಕುತ್ತಿದ್ದ ತಾಂಕಾ ಜನ ಅವನ್ನು ನಡೆಸುತ್ತಿದ್ದರು. ಹುಟ್ಟು ಹಾಕುತ್ತಿದ್ದವರಲ್ಲಿ ಹೆಂಗಸರು ಬಹಳ. ಬೆನ್ನಿಗೆ ಮಗುವನ್ನು ಕಟ್ಟಿಕೊಂಡು ದೋಣಿ ನಡೆಸುವ ತಾಯಂದಿರ ಫೋಟೋಗಳು ಆ ಕಾಲದ್ದು ಇವೆ. ಗಾಳಿ ಎದ್ದರೆ ದಾಟುವುದು ಕಷ್ಟ. ಕತ್ತಲಾದರೆ ದಾಟುವವರಿಗೇ ಭಯ.

1873ರ ಜುಲೈನಲ್ಲಿ ಉಗಿದೋಣಿ ಓಡಿಸುವ ಒಂದು ಪ್ರಯತ್ನ ನಡೆಯಿತು. ಆದರೆ ಅದು ನಿಂತುಹೋಯಿತು. ಚೀನಾದ ಕ್ಯಾಂಟನ್ ನಗರದಲ್ಲಿದ್ದ ಬ್ರಿಟಿಷ್ ಕಾನ್ಸುಲ್ ಬೇಡ ಅಂದರು. ಆಚೆ ದಡದ ಜೂಜುಕಟ್ಟೆಗಳಿಗೆ ಜನ ಸುಲಭವಾಗಿ ಹೋಗಿಬಿಡುತ್ತಾರೆ ಅನ್ನೋ ಚಿಂತೆ ಇದ್ದಿರಬೇಕು ಅಂತ ಬರೆದಿದ್ದಾರೆ.

ಗಟ್ಟಿಯಾಗಿ ನಿಂತ ಸೇವೆ ಕೊಟ್ಟವರು ನಮ್ಮ ಕಡೆಯವರು. ದೊರಾಬ್ಜಿ ನವರೋಜಿ ಮಿಠಾಯಿವಾಲಾ, ಮುಂಬೈಯಿಂದ ಹೋದ ಪಾರ್ಸಿ. ಅಡುಗೆ ಕೆಲಸದಿಂದ ಶುರುಮಾಡಿ ಬೇಕರಿ, ಹೋಟೆಲ್ ಅಂತ ಬೆಳೆದವರು. ಮೊದಲು ಒಂದು ದೋಣಿ ಕೊಂಡರು. 1888ರಲ್ಲಿ ಕೌಲೂನ್ ಫೆರಿ ಕಂಪನಿ ಕಟ್ಟಿದರು. ದೋಣಿಗಳಿಗೆ ಮಾರ್ನಿಂಗ್ ಸ್ಟಾರ್, ಈವ್ನಿಂಗ್ ಸ್ಟಾರ್, ರೈಸಿಂಗ್ ಸ್ಟಾರ್, ಗೈಡಿಂಗ್ ಸ್ಟಾರ್ ಅಂತ ಹೆಸರಿಟ್ಟರು. ಒಂದೊಂದರಲ್ಲಿ 100 ಜನ ಹಿಡಿಸುತ್ತಿದ್ದರು. ಕಲ್ಲಿದ್ದಲು ತುಂಬಿಸಿಕೊಂಡು, ಜನ ಹತ್ತಿಸಿಕೊಂಡು ಒಂದು ಸಲ ದಾಟೋಕೆ ಮುಕ್ಕಾಲು ಗಂಟೆಯ ಆಸುಪಾಸು ಬೇಕಾಗುತ್ತಿತ್ತು. 1898ರಲ್ಲಿ ಕಂಪನಿಯ ಹೆಸರೇ ಸ್ಟಾರ್ ಫೆರಿ ಆಯಿತು. ಅದೇ ಹೊತ್ತಿಗೆ ಅವರು ವ್ಯವಹಾರ ಮಾರಿ ನಿವೃತ್ತರಾದರು.

ಮಲೆನಾಡಿಗ:
ಪಾರ್ಸಿ ಅಡುಗೆಯವರು ಕಟ್ಟಿದ ಕಂಪನಿ ಅಂತ ಇವತ್ತೇ ಗೊತ್ತಾಗಿದ್ದು! ಮಾರಿದ್ದು ಯಾರಿಗೆ ಸರ್?

ಹಳೇಬಂದರು:
ಅದೂ ಒಂದು ಒಳ್ಳೆ ಕಥೆ. ಕೊಂಡ ಕಂಪನಿಯ ಹಿಂದೆ ಇದ್ದವರು ಸರ್ ಪಾಲ್ ಚಾಟರ್. ಕಲ್ಕತ್ತಾದಲ್ಲಿ ಹುಟ್ಟಿದ ಅರ್ಮೇನಿಯನ್. 1864ರಲ್ಲಿ ಹಾಂಗ್‌ಕಾಂಗ್‌ಗೆ ಹೋದರು. ಕೌಲೂನ್ ದಡದಲ್ಲಿ ಹಡಗುಕಟ್ಟೆ ಮತ್ತು ಗೋದಾಮುಗಳ ಕಂಪನಿ ಕಟ್ಟಿದ್ದರು. ಮುಂಬೈಯವರು ಶುರುಮಾಡಿದ ಫೆರಿ ಹೀಗೆ ಕಲ್ಕತ್ತಾದವರ ಕೈಗೆ ಹೋಯಿತು. ಆ ಗೋದಾಮು ಕಂಪನಿಯ ಮುಂದಿನ ರೂಪವೇ ವಾರ್ಫ್. ಇವತ್ತಿಗೂ ಫೆರಿ ಅವರದ್ದೇ.

ಇದರಲ್ಲಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ದ್ವೀಪದ ಕಡೆ ಸಮುದ್ರಕ್ಕೆ ಮಣ್ಣು ತುಂಬಿಸಿ ನೆಲ ಮಾಡುವ ದೊಡ್ಡ ಯೋಜನೆಗೆ ಹಟ ಹಿಡಿದು ಓಡಾಡಿದವರೂ ಚಾಟರ್ ಅವರೇ. 1890ರಿಂದ 1904ರವರೆಗೆ ಆ ಕೆಲಸ ನಡೆಯಿತು. ಬಂದರನ್ನು ದಾಟಿಸುವ ದೋಣಿ ಮತ್ತು ಬಂದರನ್ನೇ ಕಿರಿದು ಮಾಡುವ ಕೆಲಸ, ಎರಡೂ ಒಬ್ಬರ ಕೈಯಲ್ಲಿ. ಮುಂದಿನ 100 ವರ್ಷದ ಫೆರಿ ಇತಿಹಾಸ ಇದರ ಸುತ್ತಲೇ ತಿರುಗುತ್ತದೆ ಅನ್ನೋದು ನನ್ನ ಅಭಿಪ್ರಾಯ.

ರೈಲುಪ್ರೇಮಿ:
ರೈಲಿನ ಕಥೆ ಸೇರಿಸದೆ ಈ ಫೆರಿ ಅರ್ಥ ಆಗೋದಿಲ್ಲ, ಹಾಗಾಗಿ ನಾನೂ ಬಂದೆ.

ಕೌಲೂನ್–ಕ್ಯಾಂಟನ್ ರೈಲು 1911ರಲ್ಲಿ ಪೂರ್ತಿ ಶುರುವಾಯಿತು. ಅದರ ಕೊನೆಯ ನಿಲ್ದಾಣ ಕೌಲೂನ್‌ನ ಚಿಮ್ ಶಾ ಚೂಯಿ ತುದಿಯಲ್ಲಿ, ಸ್ಟಾರ್ ಫೆರಿ ಜೆಟ್ಟಿಯ ಪಕ್ಕದಲ್ಲೇ. ಚೀನಾದ ಒಳಗಿನಿಂದ ಬಂದವರು ರೈಲಿನಿಂದ ಇಳಿಯುತ್ತಿದ್ದರು. ನಾಲ್ಕು ಹೆಜ್ಜೆ ಹಾಕಿ ಫೆರಿ ಹತ್ತುತ್ತಿದ್ದರು. ಆಚೆ ದಡದಲ್ಲಿ ಬ್ಯಾಂಕು, ಕಚೇರಿ, ಟ್ರಾಮ್. ಬಸ್ಸುಗಳೂ ಅದೇ ಜೆಟ್ಟಿಯ ಮುಂದೆ ಬಂದು ನಿಲ್ಲುತ್ತಿದ್ದವು. ಫೆರಿ ಅಷ್ಟು ವರ್ಷ ತುಂಬಿ ತುಳುಕಿದ್ದು ಅದಕ್ಕೇ. ಎಲ್ಲ ದಾರಿಗಳೂ ಅಲ್ಲಿಗೇ ಬಂದು ಸೇರುತ್ತಿದ್ದವು.

1975ರಲ್ಲಿ ರೈಲು ನಿಲ್ದಾಣವನ್ನು ಹುಂಗ್ ಹೋಮ್‌ಗೆ ಕೊಂಡೊಯ್ದರು. ಹಳೆ ನಿಲ್ದಾಣವನ್ನು 1978ರಲ್ಲಿ ಕೆಡವಿದರು. ಗಡಿಯಾರ ಗೋಪುರ ಒಂದನ್ನು ಮಾತ್ರ ಬಿಟ್ಟರು, ಅದು ಇವತ್ತೂ ಇದೆ. ಎಲ್ಲರೂ 1972ರ ಸುರಂಗವನ್ನೇ ಬೈಯುತ್ತಾರೆ. ರೈಲನ್ನು ದಡದಿಂದ ಕಿತ್ತು ದೂರ ಹಾಕಿದ್ದು ಫೆರಿಗೆ ಅಷ್ಟೇ ದೊಡ್ಡ ಪೆಟ್ಟು ಅಂತ ನಾನು ಹೇಳುತ್ತೇನೆ.

ಸಿವಿಲ್‌ಮೇಷ್ಟ್ರು:
ರೈಲುಪ್ರೇಮಿ ಸರ್, ನಿಮ್ಮ ಮಾತನ್ನು ಪೂರ್ತಿ ಒಪ್ಪೋಕೆ ಆಗಲ್ಲ. 1972ರ ಆಗಸ್ಟ್ 2ರಂದು ತೆರೆದ ಸುರಂಗ ಉದ್ದದಲ್ಲಿ 2 ಕಿಲೋಮೀಟರ್‌ಗಿಂತ ಕಡಿಮೆ. ಆದರೆ ಅದು ಮಾಡಿದ ಬದಲಾವಣೆ ಬಹಳ ದೊಡ್ಡದು. ಅಲ್ಲಿಯವರೆಗೆ ಬಸ್ಸು ದಡದಲ್ಲಿ ನಿಲ್ಲಲೇಬೇಕಿತ್ತು. ಈಗ ಒಂದೇ ಬಸ್ಸು ಮನೆ ಹತ್ತಿರ ಹತ್ತಿಸಿಕೊಂಡು ಆಚೆ ದಡದ ಆಫೀಸಿನ ಮುಂದೆ ಇಳಿಸುತ್ತದೆ. ಮಧ್ಯದಲ್ಲಿ ಇಳಿದು, ನಡೆದು, ಕಾಯುವ ಕೆಲಸ ಇಲ್ಲ. ಎರಡು ಸಲ ಹತ್ತಿ ಇಳಿಯುವುದು ತಪ್ಪಿದರೆ ಯಾವ ಊರಿನ ಜನರಾದರೂ ಅದನ್ನೇ ಆರಿಸಿಕೊಳ್ಳುತ್ತಾರೆ.

ರಾತ್ರಿ ಹೊತ್ತಿನ ಕಥೆ ಇನ್ನೂ ಸ್ಪಷ್ಟ. ಫೆರಿ ನಿಂತ ಮೇಲೆ ದಾಟಬೇಕಾದವರಿಗೆ ವಲ್ಲಾ-ವಲ್ಲಾ ಅಂತ ಕರೆಯುತ್ತಿದ್ದ ಸಣ್ಣ ಮೋಟಾರ್ ದೋಣಿಗಳು ಇದ್ದವು. ನೀರಿನ ಮೇಲಿನ ಟ್ಯಾಕ್ಸಿ ಅನ್ನಬಹುದು. ಸುರಂಗ 24 ಗಂಟೆಯೂ ತೆರೆದಿರುತ್ತದೆ. ಮೆಟ್ರೋ ಬಂದ ಮೇಲಂತೂ ಆ ದೋಣಿಗಳನ್ನು ಕೇಳುವವರೇ ಇಲ್ಲವಾದರು. ಅವು ಹೋದವು, ಸ್ಟಾರ್ ಫೆರಿ ಉಳಿಯಿತು. ತೀರದಾರಿ ಅವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ.

ತೀರದಾರಿ:
ವಲ್ಲಾ-ವಲ್ಲಾ ವಿಷಯ ಗೊತ್ತೇ ಇರಲಿಲ್ಲ. ಮೇಷ್ಟ್ರೇ, ಕಾರು ಲಾರಿಗಳು 1972ಕ್ಕೆ ಮೊದಲು ಹೇಗೆ ದಾಟುತ್ತಿದ್ದವು? ಸ್ಟಾರ್ ಫೆರಿಯಲ್ಲಿ ಬರೀ ಜನ, ಅಲ್ವಾ?

ಸಿವಿಲ್‌ಮೇಷ್ಟ್ರು:
ಹೌದು, ಸ್ಟಾರ್ ಫೆರಿ ಜನರಿಗೆ ಮಾತ್ರ. ಗಾಡಿಗಳಿಗೆ ಬೇರೆ ಕಂಪನಿ ಇತ್ತು, ಹಾಂಗ್‌ಕಾಂಗ್ ಅಂಡ್ ಯೌಮಾಟಿ ಫೆರಿ. 1924ರಿಂದ ಸೇವೆ ಕೊಟ್ಟವರು. 1933ರಲ್ಲಿ ಕೌಲೂನ್ ಕಡೆಯ ಜೋರ್ಡನ್ ರಸ್ತೆ ಮತ್ತು ದ್ವೀಪದ ಕಡೆಯ ಸೆಂಟ್ರಲ್ ಮಧ್ಯೆ ಕಾರು, ಲಾರಿ ಒಯ್ಯುವ ಫೆರಿ ಶುರುಮಾಡಿದರು. ದೂರದ ದ್ವೀಪಗಳಿಗೂ ಅವರ ದೋಣಿಗಳೇ ಹೋಗುತ್ತಿದ್ದವು. ಗಾತ್ರದಲ್ಲಿ ನೋಡಿದರೆ ಸ್ಟಾರ್ ಫೆರಿಗಿಂತ ಬಹಳ ದೊಡ್ಡ ವ್ಯವಹಾರ. ಆದರೂ 2000ದಲ್ಲಿ ಅವರ ಪ್ರಯಾಣಿಕರ ಮಾರ್ಗಗಳು ಬೇರೆ ಕಂಪನಿಯ ಕೈಗೆ ಹೋದವು. ಹೊರಗಿನವರು ಸ್ಟಾರ್ ಫೆರಿಯನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಊರಿನ ಕೂಲಿ ಕೆಲಸದವರನ್ನು, ಕಾರ್ಖಾನೆಯವರನ್ನು ಜಾಸ್ತಿ ಹೊತ್ತವರು ಯೌಮಾಟಿ ಫೆರಿಯವರು. ಅವರ ಹೆಸರೂ ಈ ಚರ್ಚೆಯಲ್ಲಿ ಇರಲಿ.

ಕೌಲೂನ್‌ವಾಸಿ:
ನಾನು ಕೆಲಸದ ಮೇಲೆ ಕೆಲವು ವರ್ಷ ಚಿಮ್ ಶಾ ಚೂಯಿ ಹತ್ತಿರ ಇದ್ದೆ. ಆಫೀಸು ಸೆಂಟ್ರಲ್‌ನಲ್ಲಿ. ಮೆಟ್ರೋ ಇದ್ದರೂ ಬೆಳಗ್ಗೆ ಫೆರಿಯಲ್ಲೇ ಹೋಗುತ್ತಿದ್ದೆ. ಹಾಗಾಗಿ ದೋಣಿಯ ಒಳಗಿನ ವಿಷಯ ನಾನು ಹೇಳುತ್ತೇನೆ.

ಮೇಲೆ ಬಿಳಿ, ಕೆಳಗೆ ಕಡು ಹಸಿರು ಬಣ್ಣ. ಎರಡು ಡೆಕ್. ಈ ದೋಣಿಗೆ ಮುಂದು ಹಿಂದು ಅಂತ ಇಲ್ಲ. ಎರಡೂ ತುದಿ ಒಂದೇ ಥರ, ಎರಡೂ ತುದಿಯಲ್ಲಿ ಚುಕ್ಕಾಣಿ ಕೋಣೆ. ಆಚೆ ದಡ ಮುಟ್ಟಿದ ಮೇಲೆ ದೋಣಿ ತಿರುಗುವುದಿಲ್ಲ. ಚಾಲಕರು ಇನ್ನೊಂದು ತುದಿಗೆ ಹೋಗುತ್ತಾರೆ, ಅಷ್ಟೇ. ಅಷ್ಟು ಹಡಗುಗಳು ಓಡಾಡುವ ಇಕ್ಕಟ್ಟಿನ ಬಂದರಿನಲ್ಲಿ ತಿರುಗಿಸುವ ಸಮಯ ಉಳಿಯುವುದು ಸಣ್ಣ ವಿಷಯ ಅಲ್ಲ.

ಸೀಟುಗಳೂ ಹಾಗೆಯೇ. ಮರದ ಬೆಂಚು, ಒರಗುವ ಹಲಗೆಯಲ್ಲಿ ನಕ್ಷತ್ರದ ಆಕಾರಕ್ಕೆ ಸಣ್ಣ ಸಣ್ಣ ತೂತು. ಆ ಹಲಗೆಯನ್ನು ಹಿಡಿದು ಆ ಕಡೆಗೆ ದೂಡಿದರೆ ಸೀಟಿನ ದಿಕ್ಕೇ ಬದಲಾಗುತ್ತದೆ. ದಿನಾ ಹೋಗುವವರು ಹತ್ತಿದ ತಕ್ಷಣ ಯೋಚನೆಯೇ ಮಾಡದೆ ಟಕ್ ಅಂತ ಹಲಗೆ ತಿರುಗಿಸಿ ಕೂರುತ್ತಾರೆ. ಹೊಸಬರು ಹಿಂದಿನ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾರೆ. ಯಾರು ಊರಿನವರು ಯಾರು ಹೊಸಬರು ಅಂತ ಅಲ್ಲೇ ಗೊತ್ತಾಗುತ್ತದೆ.

ನನಗೆ ತುಂಬಾ ಇಷ್ಟವಾಗಿದ್ದು ದೋಣಿ ಕಟ್ಟುವ ಕೆಲಸ. ನೀಲಿ ನಾವಿಕರ ಬಟ್ಟೆ ಹಾಕಿದವರು ದೋಣಿಯ ಅಂಚಿನಲ್ಲಿ ದಪ್ಪ ಹಗ್ಗ ಹಿಡಿದು ನಿಂತಿರುತ್ತಾರೆ. ಜೆಟ್ಟಿಯಲ್ಲಿ ಇನ್ನೊಬ್ಬರು ಉದ್ದದ ಕೊಕ್ಕೆ ಕೋಲು ಹಿಡಿದು ಕಾಯುತ್ತಾರೆ. ಹಗ್ಗ ಹತ್ತಿರ ಬಂದ ತಕ್ಷಣ ಕೊಕ್ಕೆಗೆ ಸಿಕ್ಕಿಸಿ ಎಳೆದು ಕಬ್ಬಿಣದ ಗೂಟಕ್ಕೆ ಹಾಕುತ್ತಾರೆ. ದೋಣಿ ಒಂದು ಸಲ ಜಗ್ಗಿ ನಿಲ್ಲುತ್ತದೆ. ಹಗ್ಗ ಕಿರ್‍ರ್ ಅನ್ನುತ್ತದೆ. ಮೇಲಿನಿಂದ ಹಲಗೆ ಇಳಿಯುತ್ತದೆ, ಜನ ಇಳಿಯುತ್ತಾರೆ. ಇಷ್ಟೂ ಕೈ ಕೆಲಸವೇ. ವಯಸ್ಸಾದವರೊಬ್ಬರು ಒಂದು ದಿನವೂ ಕೊಕ್ಕೆ ತಪ್ಪಿಸಿದ್ದನ್ನು ನಾನು ನೋಡಲಿಲ್ಲ.

ಮೇಲಿನ ಡೆಕ್‌ಗೆ ಟಿಕೆಟ್ ಸ್ವಲ್ಪ ಜಾಸ್ತಿ. ಕೆಳಗಿನದು ಅಗ್ಗ, ಇಂಜಿನ್ ಸದ್ದು ಮತ್ತು ಡೀಸೆಲ್ ವಾಸನೆ ಅಲ್ಲಿ ಜೋರು. ಗಾಳಿ ನೀರು ಹತ್ತಿರದಿಂದ ಸಿಗೋದು ಅಲ್ಲೇ.

ಮಲೆನಾಡಿಗ:
ಮೇಡಂ, ಓದ್ತಾ ಓದ್ತಾ ನಮ್ಮ ಸಿಗಂದೂರು ಲಾಂಚ್ ನೆನಪಾಯಿತು. 2025ರಲ್ಲಿ ಸೇತುವೆ ಆಗುವವರೆಗೆ ಶರಾವತಿ ಹಿನ್ನೀರು ದಾಟಲು ಅದೇ ಗತಿ. ಆಸ್ಪತ್ರೆ ಅಂದರೂ ಲಾಂಚ್, ಮದುವೆ ಅಂದರೂ ಲಾಂಚ್. ಹೊರಗಿನಿಂದ ಬಂದವರಿಗೆ ಅದು ಚಂದ. ಆಚೆ ಇರುವವರಿಗೆ ಅದು ತಪ್ಪಿದರೆ ರಾತ್ರಿ ದಡದಲ್ಲೇ. ಹಾಗಾಗಿ ಸುರಂಗ ಬಂದಾಗ ಹಾಂಗ್‌ಕಾಂಗ್ ಜನ ಖುಷಿಪಟ್ಟಿರುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಫೆರಿಯ ಮೇಲಿನ ಪ್ರೀತಿ ಆಮೇಲೆ ಬಂದಿದ್ದಿರಬೇಕು.

ಕೌಲೂನ್‌ವಾಸಿ:
ನಿಮ್ಮ ಮಾತಿನಲ್ಲಿ ಸತ್ಯ ಇದೆ. ಅಲ್ಲಿ ಹವಾಮಾನ ಇಲಾಖೆ ಚಂಡಮಾರುತದ 8ನೇ ಸಂಖ್ಯೆಯ ಸೂಚನೆ ಹಾಕಿದರೆ ಫೆರಿ ನಿಲ್ಲುತ್ತದೆ. ಈಗ ಸುರಂಗ ಇದೆ, ಪರವಾಗಿಲ್ಲ. ಹಿಂದೆ ಫೆರಿ ನಿಂತರೆ ಊರು ಎರಡು ಹೋಳು. ಕೊನೆಯ ಫೆರಿಗೆ ಓಡಿದ ಕಥೆಯನ್ನು ನನ್ನ ಆಫೀಸಿನ ಹಿರಿಯರು ಎಲ್ಲರೂ ಹೇಳುತ್ತಿದ್ದರು. ಖುಷಿಯಿಂದಲೇ ಹೇಳುತ್ತಿದ್ದರು, ಆದರೆ ಓಡುವ ದಿನಗಳಲ್ಲಿ ಆ ಖುಷಿ ಇದ್ದಿರಲಾರದು.

ಹಳೇಬಂದರು:
ಚಂಡಮಾರುತದ ಮಾತು ಬಂದಿದ್ದರಿಂದ ಹೇಳುತ್ತೇನೆ. 1906ರ ಸೆಪ್ಟೆಂಬರ್ 18ರಂದು ಬಂದ ಚಂಡಮಾರುತ ಹಾಂಗ್‌ಕಾಂಗ್ ಕಂಡ ಅತಿ ಭೀಕರ ಅನಾಹುತಗಳಲ್ಲಿ ಒಂದು. ಸಾವಿರಾರು ಜನ ಸತ್ತರು. ಹೆಚ್ಚಿನವರು ದೋಣಿಗಳಲ್ಲೇ ಬದುಕುತ್ತಿದ್ದವರು. ಕೌಲೂನ್ ಕಡೆ ಅದೇ ವರ್ಷ ತೆರೆದಿದ್ದ ಫೆರಿ ಜೆಟ್ಟಿಯೂ ಹಾಳಾಯಿತು.

ಯುದ್ಧದ ಕಾಲ ಇನ್ನೊಂದು. 1941ರ ಡಿಸೆಂಬರ್‌ನಲ್ಲಿ ಜಪಾನೀಯರು ಕೌಲೂನ್ ಕಡೆಯಿಂದ ನುಗ್ಗಿದರು. ಜನರನ್ನೂ ಸೈನಿಕರನ್ನೂ ದ್ವೀಪಕ್ಕೆ ದಾಟಿಸಿದ್ದು ಇದೇ ಫೆರಿಗಳು. ಆಮೇಲೆ ದ್ವೀಪವೂ ಬಿತ್ತು. ಯುದ್ಧ ಕೈದಿಗಳನ್ನು ಶಾಮ್ ಶೂಯಿ ಪೋ ಶಿಬಿರದಿಂದ ಕೈ ತಾಕ್ ವಿಮಾನ ನಿಲ್ದಾಣಕ್ಕೆ ಸಾಗಿಸಲು ಗೋಲ್ಡನ್ ಸ್ಟಾರ್, ಮೆರಿಡಿಯನ್ ಸ್ಟಾರ್ ದೋಣಿಗಳನ್ನು ಜಪಾನೀಯರು ಬಳಸಿದರು. ದಿನಾ ಆಫೀಸಿಗೆ ಹೋಗುತ್ತಿದ್ದವರು ಅದೇ ದೋಣಿಯಲ್ಲಿ ಕೈದಿಗಳಾಗಿ ಹೋದರು. ಗೋಲ್ಡನ್ ಸ್ಟಾರ್ 1943ರಲ್ಲಿ ಅಮೆರಿಕನ್ನರ ಬಾಂಬಿಗೆ ಸಿಕ್ಕಿ ಮುಳುಗಿತು.

ರೈಲುಪ್ರೇಮಿ:
1966 ಬಗ್ಗೆ ಯಾರೂ ಬರೆದಿಲ್ಲವಲ್ಲ? ಫೆರಿಯ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ವರ್ಷ ಇಲ್ಲ.

ಕೌಲೂನ್‌ವಾಸಿ:
ನಾನು ಬರೆಯುತ್ತೇನೆ. ಈ ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು.

1965ರ ಕೊನೆಯಲ್ಲಿ ಸ್ಟಾರ್ ಫೆರಿ ದರ ಏರಿಸಲು ಅನುಮತಿ ಕೇಳಿತು. ಮೇಲಿನ ಡೆಕ್‌ಗೆ 20 ಸೆಂಟ್ ಇದ್ದದ್ದು 25 ಸೆಂಟ್. ಕೆಳಗಿನ ಡೆಕ್ 10 ಸೆಂಟ್, ಅದು ಹಾಗೆಯೇ ಇರಲಿತ್ತು. ಐದೇ ಐದು ಸೆಂಟ್ ಅನ್ನಿಸಬಹುದು. ಆದರೆ ಫೆರಿ ಏರಿಸಿದರೆ ಉಳಿದ ಎಲ್ಲದರ ಬೆಲೆಯೂ ಏರುತ್ತದೆ ಅನ್ನೋ ಭಯ ಜನರಿಗೆ. ಎಲ್ಸಿ ಎಲಿಯಟ್ ಅನ್ನೋ ಇಂಗ್ಲಿಷ್ ಮಹಿಳೆ, ನಗರ ಕೌನ್ಸಿಲ್ ಸದಸ್ಯೆ, ಸಾವಿರಾರು ಜನರ ಸಹಿ ಸಂಗ್ರಹಿಸಿದರು. ದರ ಪರಿಶೀಲಿಸುವ ಸಮಿತಿಯಲ್ಲಿ ಏರಿಕೆಯನ್ನು ವಿರೋಧಿಸಿದರು. ಸಮಿತಿ ಕೇಳಲಿಲ್ಲ.

1966ರ ಏಪ್ರಿಲ್ 4ರ ಬೆಳಗ್ಗೆ ಸೋ ಸೌ-ಚುಂಗ್ ಅನ್ನೋ ಯುವಕ ಸೆಂಟ್ರಲ್‌ನ ಫೆರಿ ಜೆಟ್ಟಿಗೆ ಬಂದು ಉಪವಾಸ ಕೂತ. ಕಪ್ಪು ಜಾಕೆಟ್, ಅದರ ಮೇಲೆ ಬಿಳಿ ಬಣ್ಣದಲ್ಲಿ ಕೈಬರಹ. ದರ ಏರಿಕೆ ತಡೆಯಲು ಉಪವಾಸಕ್ಕೆ ಸೇರಿ ಅನ್ನೋ ಕರೆ, ಎಲ್ಸಿಗೆ ಜೈಕಾರ. ಒಬ್ಬನೇ ಬಂದಿದ್ದ. ಅವನ ಹಿಂದೆ ಸಂಘ ಇಲ್ಲ, ಪಕ್ಷ ಇಲ್ಲ. ಮಾರನೇ ದಿನ ಪೊಲೀಸರು ಹಿಡಿದರು. ಅವನನ್ನು ಬೆಂಬಲಿಸಿ ಕೌಲೂನ್‌ನಲ್ಲಿ ಮೆರವಣಿಗೆ ಹೊರಟಿತು. ರಾತ್ರಿಗಳು ಕಳೆದಂತೆ ಅದು ದೊಂಬಿ ಆಯಿತು. ಕರ್ಫ್ಯೂ ಹಾಕಿದರು. ಒಬ್ಬರು ಸತ್ತರು. ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು.

ಆಮೇಲೆ ಸರ್ಕಾರ ತನಿಖಾ ಆಯೋಗ ನೇಮಿಸಿತು. ಬರೀ ಐದು ಸೆಂಟ್‌ನ ವಿಷಯ ಇದಲ್ಲ ಅಂತ ಅದರ ವರದಿ ಓದಿದವರಿಗೆ ಗೊತ್ತಾಗುತ್ತದೆ. ಇಕ್ಕಟ್ಟಿನ ಮನೆ, ಕಡಿಮೆ ಸಂಬಳ, ಸರ್ಕಾರ ನಮ್ಮ ಮಾತು ಕೇಳಲ್ಲ ಅನ್ನೋ ಸಿಟ್ಟು, ಎಲ್ಲ ಒಟ್ಟಿಗೆ ಹೊರಬಂತು. ಹೊರಬರಲು ಜಾಗ ಸಿಕ್ಕಿದ್ದು ಫೆರಿ ಜೆಟ್ಟಿಯಲ್ಲಿ. ಊರಿನ ಎಲ್ಲ ಥರದ ಜನ ದಿನಾ ಬಂದು ಸೇರುವ ಜಾಗ ಅದೊಂದೇ ಆಗಿತ್ತು. ಗುಮಾಸ್ತರು ಮೇಲೆ, ಕೂಲಿಯವರು ಕೆಳಗೆ, ಆದರೆ ದೋಣಿ ಒಂದೇ.

ತೀರದಾರಿ:
ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಆ ಜೆಟ್ಟಿ ಈಗಲೂ ಇದೆಯಾ ಮೇಡಂ?

ಕೌಲೂನ್‌ವಾಸಿ:
ಇಲ್ಲ. ಅದು ಎಡಿನ್‌ಬರೋ ಪ್ಲೇಸ್ ಜೆಟ್ಟಿ. 1957ರಲ್ಲಿ ಕಟ್ಟಿದ್ದು, ಮೇಲೊಂದು ಗಡಿಯಾರ ಗೋಪುರ. 2006ರ ನವೆಂಬರ್ 11ಕ್ಕೆ ಕೊನೆಯ ಫೆರಿ ಅಲ್ಲಿಂದ ಹೊರಟಿತು. ಸಾವಿರಾರು ಜನ ಬಂದಿದ್ದರು. ಡಿಸೆಂಬರ್‌ನಲ್ಲಿ ಕೆಡವಲು ಶುರುಮಾಡಿದಾಗ ಯುವಕ ಯುವತಿಯರು ಒಳಗೆ ನುಗ್ಗಿ ಕೂತರು. ಅವರಲ್ಲಿ ಹೆಚ್ಚಿನವರು 1966ರಲ್ಲಿ ಹುಟ್ಟಿಯೂ ಇರಲಿಲ್ಲ. ಆದರೂ ಸೋ ಉಪವಾಸ ಕೂತ ಜಾಗ ಇದು ಅಂತ ಅವರು ನೆನಪಿಸುತ್ತಿದ್ದರು. ಪೊಲೀಸರು ಎತ್ತಿ ಹೊರಗೆ ಹಾಕಿದರು. ಗೋಪುರ ಹೋಯಿತು. 2007ರಲ್ಲಿ ಪಕ್ಕದ ಕ್ವೀನ್ಸ್ ಪಿಯರ್‌ಗೂ ಇದೇ ಥರ ಹೋರಾಟ ನಡೆಯಿತು, ಅದೂ ಉಳಿಯಲಿಲ್ಲ.

ಹೊಸ ಜೆಟ್ಟಿಯನ್ನು 1912ರ ಹಳೆ ಜೆಟ್ಟಿಯ ಮಾದರಿಯಲ್ಲಿ ಕಟ್ಟಿದರು. ನಿಜವಾದ ಹಳೆಯದನ್ನು ಕೆಡವಿ, ಇನ್ನೂ ಹಳೆಯದರ ನಕಲು ಕಟ್ಟಿದ್ದು ನನಗೆ ಇವತ್ತಿಗೂ ಒಪ್ಪಿಗೆ ಆಗಿಲ್ಲ.

ಸಿವಿಲ್‌ಮೇಷ್ಟ್ರು:
ಮೇಡಂ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಜೆಟ್ಟಿ ಮುಂದಕ್ಕೆ ಹೋಗುವುದು ಆ ಊರಿಗೆ ಹೊಸದಲ್ಲ. ಹಾಂಗ್‌ಕಾಂಗ್‌ನ ಕ್ವೀನ್ಸ್ ರಸ್ತೆ 1840ರ ದಶಕದಲ್ಲಿ ಸಮುದ್ರದ ಅಂಚು. ಆಮೇಲೆ ಡೇ ವೂ ರಸ್ತೆ ಅಂಚು ಆಯಿತು. ಚಾಟರ್ ಅವರ ಯೋಜನೆ ಮುಗಿದ ಮೇಲೆ ಕನ್ನಾಟ್ ರಸ್ತೆ ಅಂಚು ಆಯಿತು. ಈಗ ಅದೂ ಊರಿನ ಒಳಗಿದೆ. ದಡ ಮುಂದೆ ಹೋದಾಗಲೆಲ್ಲ ಜೆಟ್ಟಿಯೂ ಹೋಗಿದೆ. 2006ರದ್ದು ಸೆಂಟ್ರಲ್ ಕಡೆಯ ನಾಲ್ಕನೇ ಜೆಟ್ಟಿ. ಬರೀ ಅದನ್ನೇ ಅನ್ಯಾಯ ಅನ್ನೋಕೆ ಆಗುತ್ತಾ?

ಹಳೇಬಂದರು:
ಮೇಷ್ಟ್ರೇ, ಲೆಕ್ಕ ಸರಿ ಇದೆ, ಆದರೆ ಒಂದು ವ್ಯತ್ಯಾಸ ಬಿಟ್ಟಿದ್ದೀರಿ. ಹಿಂದಿನ ಸಲ ಜೆಟ್ಟಿ ಮುಂದೆ ಹೋದಾಗ ಊರೂ ಅದರ ಬೆನ್ನಿಗೇ ಹೋಯಿತು. ಟ್ರಾಮ್, ಅಂಚೆ ಕಚೇರಿ, ಬ್ಯಾಂಕು, ಹೋಟೆಲ್ ಎಲ್ಲ ಹತ್ತಿರ ಇದ್ದವು. ಇಳಿದವರು ನೇರ ಊರಿನೊಳಗೆ ನಡೆಯುತ್ತಿದ್ದರು. 2006ರಲ್ಲಿ ಜೆಟ್ಟಿ ಕೆಲವು ನೂರು ಮೀಟರ್ ಆಚೆ ಹೋಯಿತು. ಮಧ್ಯದಲ್ಲಿ ಉಳಿದಿದ್ದು ಅಗೆದ ನೆಲ, ತಗಡಿನ ಬೇಲಿ, ಅಗಲ ರಸ್ತೆ. ಮೇಲ್ಸೇತುವೆ ಹತ್ತಿ ಇಳಿದು ಹೋಗಬೇಕು. ಅದರಡಿಯ ಬೈಪಾಸ್ ಸುರಂಗ ತೆರೆದದ್ದೇ 2019ರಲ್ಲಿ. ಅಷ್ಟು ವರ್ಷ ಫೆರಿಗೂ ಊರಿಗೂ ಮಧ್ಯೆ ಕಾಮಗಾರಿ. ಜೆಟ್ಟಿ ಸ್ಥಳಾಂತರದ ನಂತರ ಪ್ರಯಾಣಿಕರು ಕಡಿಮೆಯಾದರು ಅಂತ ಕಂಪನಿಯೇ ಹೇಳಿತು. ಹುಂಗ್ ಹೋಮ್ ಮಾರ್ಗಗಳನ್ನು 2011ರಲ್ಲಿ ನಿಲ್ಲಿಸಿದರು.

ಯೋಚನೆ ಮಾಡಿ. 8–10 ನಿಮಿಷದ ದೋಣಿ ಪ್ರಯಾಣಕ್ಕೆ ಎರಡೂ ಕಡೆ ಸೇರಿ ಅದಕ್ಕಿಂತ ಜಾಸ್ತಿ ನಡೆಯಬೇಕು ಅಂದರೆ ಕೆಲಸಕ್ಕೆ ಹೋಗುವವರು ಯಾಕೆ ಬರುತ್ತಾರೆ? ಮೆಟ್ರೋ ಬಂದ ಮೇಲೂ 26 ವರ್ಷ ಫೆರಿಗೆ ತನ್ನ ಜನ ಇದ್ದರು. ಜೆಟ್ಟಿ ಊರಿನ ಬಾಗಿಲಲ್ಲಿ ಇತ್ತು, ಟಿಕೆಟ್ ಮೆಟ್ರೋಗಿಂತ ಬಹಳ ಅಗ್ಗ ಇತ್ತು, ಅದಕ್ಕೇ ಇದ್ದರು. ತೀರದಾರಿ ಅವರ ಪ್ರಶ್ನೆಗೆ ನನ್ನ ಉತ್ತರ ಇದೇ.

ರೈಲುಪ್ರೇಮಿ:
ನಾನು ರೈಲು ನಿಲ್ದಾಣದ ಬಗ್ಗೆ ಹೇಳಿದ್ದೂ ಇದನ್ನೇ! ಕೌಲೂನ್ ಕಡೆ 1975ರಲ್ಲಿ ರೈಲು ದೂರ ಹೋಯಿತು, ಸೆಂಟ್ರಲ್ ಕಡೆ 2006ರಲ್ಲಿ ಜೆಟ್ಟಿ ದೂರ ಹೋಯಿತು. ದ್ವೀಪದ ಕಡೆಯೇ ಇರುವ ವಾನ್ ಚಾಯ್ ಜೆಟ್ಟಿಯೂ 2014ರಲ್ಲಿ ಹೊಸ ದಡಕ್ಕೆ ಹೋಯಿತು.

ಇನ್ನೊಂದು ವಿಷಯ. 1980ರ ಫೆಬ್ರವರಿ 12ರಂದು ನೀರಿನಡಿ ಮೆಟ್ರೋ ದ್ವೀಪ ತಲುಪಿದಾಗ ಈಗಿನ ಸೆಂಟ್ರಲ್ ನಿಲ್ದಾಣಕ್ಕೆ ಇಟ್ಟಿದ್ದ ಹೆಸರು ಚಾಟರ್. ಫೆರಿ ಕೊಂಡ ಅದೇ ಕಲ್ಕತ್ತಾದ ಚಾಟರ್!

ಸಿವಿಲ್‌ಮೇಷ್ಟ್ರು:
ಹಳೇಬಂದರು ಅವರ ವಾದ ಗಟ್ಟಿಯಾಗಿದೆ. ಅದಕ್ಕೆ ನಾನೇ ಒಂದು ಸೇರಿಸುತ್ತೇನೆ. ಬಂದರಿಗೆ ಮಣ್ಣು ತುಂಬಿಸುವ ಕೆಲಸಕ್ಕೆ ಕಡೆಗೂ ಕಡಿವಾಣ ಬಿತ್ತು. 1995ರಲ್ಲಿ ಬಂದರು ರಕ್ಷಣೆಗೆ ಅಂತ ನಾಗರಿಕರು ಸಂಘ ಕಟ್ಟಿದರು. 1997ರಲ್ಲಿ ಬಂದರು ರಕ್ಷಣಾ ಕಾನೂನು ಬಂತು. ಸರ್ಕಾರ ಆಮೇಲೂ ವಾನ್ ಚಾಯ್ ಕಡೆ ತುಂಬಿಸಲು ಹೊರಟಾಗ ಸಂಘ ಕೋರ್ಟಿಗೆ ಹೋಯಿತು. 2004ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು. ಬೇರೆ ದಾರಿಯೇ ಇಲ್ಲ, ಸಾರ್ವಜನಿಕರಿಗೆ ಬೇಕೇ ಬೇಕು ಅಂತ ಗಟ್ಟಿ ಪುರಾವೆ ಕೊಟ್ಟರೆ ಮಾತ್ರ ಬಂದರಿಗೆ ಮಣ್ಣು ಹಾಕಬಹುದು. ಎಂಜಿನಿಯರ್ ಆಗಿ ನನಗೆ ಈ ತೀರ್ಪು ಬಹಳ ಇಷ್ಟ. ನೀರು ಅಂದರೆ ಖಾಲಿ ಜಾಗ ಅಂತ ನಕ್ಷೆಯಲ್ಲಿ ನೋಡುವ ಅಭ್ಯಾಸ ನಮ್ಮವರಿಗೆ ಇದೆ. ಅದು ಎಲ್ಲರ ಆಸ್ತಿ ಅಂತ ಕೋರ್ಟ್ ಹೇಳಿತು. ಸೆಂಟ್ರಲ್ ಜೆಟ್ಟಿಗೆ ಮಾತ್ರ ಅದರಿಂದ ಉಪಯೋಗ ಆಗಲಿಲ್ಲ, ಅಲ್ಲಿನ ಕೆಲಸ ಮುಂದುವರಿಯಿತು.

ಮಲೆನಾಡಿಗ:
ಈಗ ಫೆರಿಯ ಸ್ಥಿತಿ ಹೇಗಿದೆ?

ಕೌಲೂನ್‌ವಾಸಿ:
ಚಿಮ್ ಶಾ ಚೂಯಿಯಿಂದ ಸೆಂಟ್ರಲ್‌ಗೆ ಒಂದು, ವಾನ್ ಚಾಯ್‌ಗೆ ಒಂದು, ಎರಡು ಮಾರ್ಗ ಇವೆ. ದೋಣಿಗಳಲ್ಲಿ ಹೆಚ್ಚಿನವು 1950–60ರ ದಶಕದಲ್ಲಿ ಕಟ್ಟಿದವು. 2019ರ ಗಲಾಟೆಗಳು, ಅದರ ಬೆನ್ನಿಗೆ ಕೋವಿಡ್, ಕಂಪನಿಗೆ ದೊಡ್ಡ ನಷ್ಟ ಆಯಿತು. 2023ರಲ್ಲಿ ದರ ಏರಿತು. ಏರಿದ ಮೇಲೂ ಬಂದರು ದಾಟಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಟೂರಿಸ್ಟ್‌ಗಳ ದುಡ್ಡು, ಜೆಟ್ಟಿಯ ಅಂಗಡಿ ಬಾಡಿಗೆ ಇಲ್ಲದಿದ್ದರೆ ನಡೆಯೋದು ಕಷ್ಟ. ಟೂರಿಸ್ಟ್‌ಗಳು ಬಂದರೆ ಬೇಜಾರಿಲ್ಲ. ಆದರೆ ಬೆಳಗ್ಗೆ 8 ಗಂಟೆಗೆ ಪೇಪರ್ ಓದುತ್ತಾ ಕೂರುವ ವಯಸ್ಸಾದವರು, ಶಾಲೆ ಬಟ್ಟೆ ಹಾಕಿದ ಮಕ್ಕಳು ಇರುವವರೆಗೆ ಮಾತ್ರ ಅದನ್ನು ನಾನು ಫೆರಿ ಅಂತ ಕರೆಯುತ್ತೇನೆ. ಅವರಿಗೋಸ್ಕರ ಸರ್ಕಾರ ಮಾಡಬೇಕಾದ ಕೆಲಸ ಸರಳ. ಬಸ್ಸುಗಳನ್ನು ಜೆಟ್ಟಿಯ ಮುಂದೆ ನಿಲ್ಲಿಸಲಿ, ನೆರಳಿರುವ ನೇರ ದಾರಿ ಕೊಡಲಿ. ಚಿಮ್ ಶಾ ಚೂಯಿ ಜೆಟ್ಟಿಯ ಮುಂದಿನ ಬಸ್ ನಿಲ್ದಾಣವನ್ನು ತೆಗೆದು ಚೌಕ ಮಾಡುತ್ತೇವೆ ಅಂದಾಗ ಜನ ವಿರೋಧಿಸಿದ್ದು ಇದೇ ಕಾರಣಕ್ಕೆ.

ತೀರದಾರಿ:
ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಕೊನೆಯದಾಗಿ ಒಂದು. ಗಾಡಿಗಳನ್ನು ಒಯ್ಯುವ ಫೆರಿ ಪೂರ್ತಿ ನಿಂತೇ ಹೋಯಿತಾ? ಮೂರು ಸುರಂಗ ಇರುವಾಗ ಅದಕ್ಕೆ ಕೆಲಸ ಇರಲ್ಲ ಅಂದುಕೊಂಡಿದ್ದೇನೆ.

ಸಿವಿಲ್‌ಮೇಷ್ಟ್ರು:
ನಿಂತಿಲ್ಲ, ಇನ್ನೂ ಇದೆ. ಪೆಟ್ರೋಲ್, ಗ್ಯಾಸ್ ಥರದ ಬೆಂಕಿ ಹಿಡಿಯುವ ಸಾಮಾನು ಹೊತ್ತ ಲಾರಿಗಳನ್ನು ಸುರಂಗದೊಳಗೆ ಬಿಡುವುದಿಲ್ಲ. ಒಳಗೆ ಏನಾದರೂ ಹೊತ್ತಿಕೊಂಡರೆ ಓಡಿಹೋಗಲು ಜಾಗ ಇರಲ್ಲ ನೋಡಿ. ಹಾಗಾಗಿ ಅಂಥ ಲಾರಿಗಳು ದ್ವೀಪದ ನಾರ್ತ್ ಪಾಯಿಂಟ್ ಮತ್ತು ಕೌಲೂನ್ ಕಡೆಯ ಕ್ವುನ್ ಟಾಂಗ್ ಮಧ್ಯೆ ಇವತ್ತಿಗೂ ಫೆರಿಯಲ್ಲೇ ದಾಟುತ್ತವೆ. ನಡೆಸುತ್ತಿರುವವರು ಅದೇ ಹಳೆ ಯೌಮಾಟಿ ಫೆರಿ ಕಂಪನಿ. ದ್ವೀಪದ ಬಂಕ್‌ಗಳಿಗೆ ಪೆಟ್ರೋಲ್ ಹೊತ್ತ ಲಾರಿ ಕೌಲೂನ್ ಕಡೆಯಿಂದ ಬರಬೇಕಾದರೆ ಅದು ನೀರಿನ ಮೇಲೇ ಬರಬೇಕು. ಅಲ್ಲಿಗೆ ಹೋದರೆ ನಾರ್ತ್ ಪಾಯಿಂಟ್ ಜೆಟ್ಟಿಯ ಹತ್ತಿರ ನಿಂತು ನೋಡಿ, ಲಾರಿಗಳು ಒಂದೊಂದಾಗಿ ಹತ್ತುವುದು ದಡದಿಂದಲೇ ಕಾಣುತ್ತದೆ.